ಸೂಜಿಮದ್ದು ಮತ್ತು ದುಭಾಷಿಯ ಹೊಣೆ



ನಾವು ವೈದ್ಯರಲ್ಲ, ಬ್ಯಾಂಕಿನ ಗುಮಾಸ್ತರು. ಆದರೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಆಸ್ಪತ್ರೆಗಳಲ್ಲಿ, ಊರಿನಿಂದ ಬಂದ ತಾಯಿತಂದೆಯರ ಮಗ್ಗುಲಲ್ಲಿ ದುಭಾಷಿಗಳಾಗಿ ನಿಲ್ಲುವವರು ನಾವೇ ಅಲ್ಲವೆ? ಆ ಹೊಣೆಯನ್ನು ಕುರಿತು ಕೆಲವು ಮಾತು ಅರಿಕೆ ಮಾಡುತ್ತೇವೆ.

ಸೆಫ್ಟ್ರಿಯಾಕ್ಸೋನ್ ಮತ್ತು ಸಲ್‌ಬ್ಯಾಕ್ಟಮ್ ಕೂಡಿದ ಜೋಡಿ ಸೂಜಿಮದ್ದನ್ನು ಇಂದು ದೊಡ್ಡ ಸೋಂಕುಗಳಿಗೆ ಕೊಡುತ್ತಾರೆ. ಮೊದಲನೆಯದು ರೋಗಾಣುವನ್ನು ಕೊಲ್ಲುವ ಆಂಟಿಬಯಾಟಿಕ್. ಕೆಲವು ರೋಗಾಣುಗಳು ಅದನ್ನು ಮುರಿಯುವ ಕಿಣ್ವವನ್ನು ಹುಟ್ಟಿಸಿಕೊಂಡಿವೆ. ಅಂಥ ಕೆಲವು ಕಿಣ್ವಗಳ ಕೈಯನ್ನು ಎರಡನೆಯದು ಕಟ್ಟುತ್ತದೆ.

ಚುಚ್ಚಿದೆಡೆ ನೋವು, ಸ್ವಲ್ಪ ಭೇದಿ ಸಾಮಾನ್ಯ. ನೀರಿನಂಥ ಭೇದಿ ನಿಲ್ಲದಿದ್ದರೆ, ರಕ್ತ ಕಂಡರೆ, ತಾವೇ ಗುಳಿಗೆ ನುಂಗದೆ ವೈದ್ಯರಿಗೆ ಹೇಳಬೇಕು. ಮದ್ದು ನಿಲ್ಲಿಸಿ ಕೆಲವು ವಾರ ಕಳೆದ ಮೇಲೂ ಹೀಗಾಗುವುದುಂಟು. ವಾರ್ಫರಿನ್ ನುಂಗುವವರು ಮೊದಲೇ ತಿಳಿಸತಕ್ಕದ್ದು. ಕ್ಯಾಲ್ಸಿಯಂ ಉಳ್ಳ ಸಲೈನಿನೊಡನೆ ಬೆರೆತರೆ ಸೆಫ್ಟ್ರಿಯಾಕ್ಸೋನ್ ಹರಳುಗಟ್ಟುತ್ತದೆ. ಅಂಥ ಸಲೈನ್ ಬೇಕಾದ 28 ದಿನದೊಳಗಿನ ಕೂಸಿಗೆ ಈ ಮದ್ದು ಸಲ್ಲದು.

ಎಲ್ಲಕ್ಕಿಂತ ಭಯದ್ದು ಅಲರ್ಜಿ. ಪೆನಿಸಿಲಿನ್ ಒಗ್ಗದ ಕೆಲವರಿಗೆ ಇದೂ ಒಗ್ಗದು. ನಿಮಿಷಗಳಲ್ಲೇ ಮೈಮೇಲೆ ಗಂಧೆ ಎದ್ದು, ತುಟಿ ನಾಲಗೆ ಬಾತು, ಉಸಿರು ಕಟ್ಟಬಹುದು. ಆಗ ಬೇಕಾಗುವ ಅಡ್ರಿನಲಿನ್ ಇರುವಲ್ಲಿಯೇ ಸೂಜಿ ಹಾಕಿಸಿಕೊಳ್ಳಬೇಕು. ಹಾಕಿಸಿಕೊಂಡು ಅರ್ಧ ಗಂಟೆ ಅಲ್ಲೇ ಕುಳಿತಿರಬೇಕು. ಲೋಕಲ್ ತಪ್ಪಿದರೆ ಹಿಂದೆಯೇ ಇನ್ನೊಂದು ಬರುತ್ತದೆ. ಚರ್ಮದ ಪರೀಕ್ಷೆ ಸರಿಯಾಯಿತೆಂದೂ ಎದ್ದು ಹೊರಡಬಾರದು.

ಭಾಷೆಯ ತೊಡಕು ಇಲ್ಲಿಯೇ. 'ಹಿಂದೆ ಯಾವುದಾದರೂ ಸೂಜಿ ಒಗ್ಗದೆ ಹೋಗಿತ್ತೆ?' ಎಂದು ವೈದ್ಯರು ಮರಾಠಿಯಲ್ಲಿ ಕೇಳುತ್ತಾರೆ. 'ಹೂಂ, ಪಿತ್ತ ಎದ್ದಿತ್ತಪ್ಪಾ' ಎನ್ನುತ್ತಾಳೆ ಅವ್ವ. ಅವಸರದ ಮಗ 'ಪಿತ್ತ ಆಗಿತ್ತಂತೆ' ಎಂದು ತಿರುಗಿಸುತ್ತಾನೆ. ಬರಿದೆ ಪಿತ್ತವೆಂದರೆ ಮರಾಠಿಯವರಿಗೆ ಎದೆಯುರಿ, ಹುಳಿತೇಗು. ವೈದ್ಯರು ಅದಕ್ಕೊಂದು ಗುಳಿಗೆ ಬರೆದು ಮುಂದಿನ ಮಂಚಕ್ಕೆ ಹೋದರೆ ಅವರ ತಪ್ಪೇನು? ಅವ್ವ ಹೇಳಿದ್ದು ಗಂಧೆಯನ್ನು! 'ಅಂಗಾವರ ಪಿತ್ತ ಉಠಲಂ ಹೋತಂ' ಎಂದು ಬಿಡಿಸಿ ಹೇಳಬೇಕು. ಮರಾಠಿ ಬಾರದಿದ್ದರೆ ತೋಳನ್ನಾದರೂ ತೋರಿಸಬೇಕು.

2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಎಚ್1 ಅನುಸೂಚಿಯಲ್ಲಿ ಸೆಫ್ಟ್ರಿಯಾಕ್ಸೋನ್ ಸೇರಿದೆ. ಔಷಧದ ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು, ಮದ್ದು, ಪ್ರಮಾಣ ಎಲ್ಲವನ್ನೂ ಬೇರೆ ಪುಸ್ತಕದಲ್ಲಿ ಬರೆದು 3 ವರ್ಷ ಇಡಬೇಕು. ಲೆಕ್ಕದ ಪುಸ್ತಕದಲ್ಲೇ ದಿನ ಕಳೆಯುವ ನಮಗೆ ಇದು ಬಲು ಮೆಚ್ಚಿಗೆಯಾದ ಕಾನೂನು. ಆದರೆ ಅವ್ವನ ಗಂಧೆ ಆ ಪುಸ್ತಕದಲ್ಲಿ ಜಮೆಯಾಗುವುದಿಲ್ಲ. ಮದ್ದಿನ ಹೆಸರು, ವರ್ಷ, ಏನಾಯಿತು ಎಂಬುದನ್ನು ಮೇಲೆ ಕನ್ನಡದಲ್ಲಿ, ಕೆಳಗೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆದು ಅವ್ವನ ಸಂಚಿಯಲ್ಲಿಯೇ ಇಡಬೇಕು. ಚಹದ ಮೇಜಿನ ಮೇಲೆ ಖಾಲಿ ಚೀಟಿಗಳನ್ನು ಇಟ್ಟಿದ್ದೇವೆ. ಮನೆಯಲ್ಲಿರುವ ಹಿರಿಯರ ಲೆಕ್ಕಕ್ಕೆ ತಲೆಗೊಂದರಂತೆ ತೆಗೆದುಕೊಂಡು ಹೋಗಬೇಕಾಗಿ ವಿನಂತಿ.