ಅಗ್ಗದ ಮನೆಯ ಜಮಾಖರ್ಚು
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ಸಾಹಿತಿಯಲ್ಲ, ವಾಗ್ಮಿಯಂತೂ ಅಲ್ಲವೇ ಅಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕೊಂದರಲ್ಲಿ ಗುಮಾಸ್ತೆಯಾಗಿ ದುಡಿಯುತ್ತಿರುವವಳು. ಕಾರ್ಯದರ್ಶಿಗಳು 'ಡೊಂಬಿವಲಿಯ ವಾಸ: ಲಾಭವೇನು, ನಷ್ಟವೇನು?' ಎಂಬ ವಿಷಯವನ್ನು ಒಪ್ಪಿಸಿದಾಗ, ನನಗೆ ಬರುವ ಒಂದೇ ವಿದ್ಯೆಯನ್ನು ಬಳಸಿಕೊಂಡು, ಜಮೆಯ ಬದಿ, ಖರ್ಚಿನ ಬದಿ ಎಂದು ಎರಡು ಅಂಕಣ ಎಳೆದು ನಾಲ್ಕು ಮಾತು ಹೇಳೋಣವೆಂದು ನಿಶ್ಚಯಿಸಿದೆ.

ಮೊದಲು, ನಾವು ಇಲ್ಲಿಗೆ ಬಂದುದಾದರೂ ಏಕೆ? 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಹೋಯಿತು. ಮರುವರ್ಷವೇ ಹಳಿ ಕಲ್ಯಾಣದವರೆಗೆ ಬಂತು. ಆದರೂ ಮುಂಬಯಿಗೆ ಬಂದ ನಮ್ಮ ಹಿರಿಯರು ಈ ಕಡೆಗೆ ಮುಖ ಹಾಕಿದವರಲ್ಲ. ಹೋಟೆಲಿನ ಅಟ್ಟದಲ್ಲಿ ಮಲಗಿ, ರಾತ್ರಿ ಶಾಲೆಯಲ್ಲಿ ಓದಿ, ಚಾಳಿನ ಒಂದು ಖೋಲಿಯಲ್ಲಿ ಸಂಸಾರ ಹೂಡಿದರು. 1947ರ ಬಾಡಿಗೆ ನಿಯಂತ್ರಣ ಕಾನೂನು ಹಳೆಯ ಬಾಡಿಗೆದಾರರನ್ನು ರಕ್ಷಿಸಿತು. ಹೊಸಬರು ಮಾತ್ರ ಮನೆ ಹಿಡಿಯಲು 'ಪಗಡಿ' ಎಂಬ ಇಡುಗಂಟು ತೆರಬೇಕಾಯಿತು. ಪಗಡಿಗೆ ಹಣವಿಲ್ಲದವರು ಠಾಣೆಯನ್ನು ದಾಟಿ ಬಂದರು. 1982ರ ಗಿರಣಿ ಮುಷ್ಕರದ ತರುವಾಯ ಗಿರಣಗಾಂವಿನ ಅನೇಕ ಕುಟುಂಬಗಳೂ ಇದೇ ದಾರಿ ಹಿಡಿದವು. 1983ರಲ್ಲಿ ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆಯಾಯಿತು. 2011ರ ಜನಗಣತಿಯ ವೇಳೆಗೆ ಇಲ್ಲಿಯ ಜನಸಂಖ್ಯೆ 12 ಲಕ್ಷವನ್ನು ಮೀರಿತ್ತು.

ಇನ್ನು ಜಮೆಯ ಬದಿ. ಮುಂಬಯಿಯಲ್ಲಿ ಒಂದು ಕೋಣೆಗೂ ಸಾಲದ ಹಣದಲ್ಲಿ ಇಲ್ಲಿ ಅಡಿಗೆಮನೆ, ನಡುಮನೆ, ಮಲಗುವ ಕೋಣೆ ಎಂದು ಬೇರೆ ಬೇರೆಯಾಗಿ ದೊರೆಯುತ್ತವೆ. ಸೀಸನ್ ಪಾಸೊಂದಿದ್ದರೆ ತಿಂಗಳಿಡೀ ಓಡಾಟಕ್ಕೆ ಚಿಂತೆಯಿಲ್ಲ. ಊರಿಗೆ ಹೋಗಲು ಕಲಬುರಗಿ, ರಾಯಚೂರಿನವರು ಕಲ್ಯಾಣದಲ್ಲೇ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಬಹುದು. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣಗೊಂಡ ಮೇಲೆ ಉಡುಪಿ, ಮಂಗಳೂರಿನವರಿಗೆ ಠಾಣೆಯೇ ಸಾಕು. ನೆರೆಹೊರೆಯೂ ಸುಸಂಸ್ಕೃತ. ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನದ 90ನೆಯ ಅಧಿವೇಶನ 2017ರಲ್ಲಿ ನಡೆದುದು ಈ ಊರಿನಲ್ಲೇ. ಯುಗಾದಿಯ ದಿನ ಗಣೇಶ ಮಂದಿರದ ಆಶ್ರಯದಲ್ಲಿ ಹೊರಡುವ ಶೋಭಾಯಾತ್ರೆಯನ್ನು ಕಂಡವರಿಗೆ ಬೇರೆ ವರ್ಣನೆ ಬೇಡ.

ಇವೆಲ್ಲಕ್ಕಿಂತ ದೊಡ್ಡ ಜಮೆ ಒಂದಿದೆ. ಒಂದೇ ಖೋಲಿಯ ಸಂಸಾರದಲ್ಲಿ ಊರಿನಿಂದ ಅತ್ತೆಯವರೋ ತಾಯಿಯೋ ಬಂದರೆ ನಾಲ್ಕು ದಿನಕ್ಕೆ ಅವರಿಗೇ ಸಂಕೋಚ, ಹೊರಟುಬಿಡುತ್ತಾರೆ. ಇಲ್ಲಿ ಅಜ್ಜಿಗೊಂದು ಮಂಚ ಹಾಕಲು ಸ್ಥಳವಿದೆ. ಅಗ್ಗದ ಮನೆಯ ನಿಜವಾದ ಐಶ್ವರ್ಯ ಆ ಮಂಚವೆಂದು ನನ್ನ ಎಣಿಕೆ. ಏಕೆಂಬುದನ್ನು ಕೊನೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಈಗ ಖರ್ಚಿನ ಬದಿ. ಇಲ್ಲಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ಸುಮಾರು 48 ಕಿಲೋಮೀಟರು. ವೇಗದ ಲೋಕಲಿಗೂ ಒಂದು ಗಂಟೆಗೆ ಮೇಲೆ ಬೇಕು. ಮನೆಯ ಬಾಗಿಲಿನಿಂದ ಕಚೇರಿಯ ಬಾಗಿಲಿಗೆ ಹೋಗಿಬರಲು ದಿನಕ್ಕೆ 4 ಗಂಟೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 250 ದಿನದ ಕೆಲಸವೆಂದರೆ 1,000 ಗಂಟೆ. 30 ವರ್ಷದ ನೌಕರಿಗೆ 30,000 ಗಂಟೆ. ಅಂದರೆ 1,250 ಹಗಲು ರಾತ್ರಿಗಳು, ಸುಮಾರು 3 ವರ್ಷ 5 ತಿಂಗಳು! ಇಷ್ಟು ಕಾಲ ನಾವು ಊಟ ನಿದ್ರೆಗಳಿಲ್ಲದೆ ರೈಲಿನಲ್ಲೇ ವಾಸ ಮಾಡಿದ ಲೆಕ್ಕ. 2005ರಲ್ಲಿ ಬಂದ 'ಡೊಂಬಿವಲಿ ಫಾಸ್ಟ್' ಎಂಬ ಮರಾಠಿ ಚಿತ್ರದ ನಾಯಕ ಬ್ಯಾಂಕ್ ನೌಕರನಾಗಿದ್ದುದು ಆಕಸ್ಮಿಕವಾಗಿರಲಾರದು!

ನಮ್ಮ ಹೆಂಗಸರ ಡಬ್ಬಿಯಲ್ಲಿ ಬಟಾಣಿ ಬಿಡಿಸುವವರಿದ್ದಾರೆ, ಮೆಂತ್ಯದ ಸೊಪ್ಪು ಸೋಸುವವರಿದ್ದಾರೆ. ದಸರೆಗೆ ಚೆಂಡುಹೂವಿನ ಮಾಲೆ ಕಟ್ಟಿ ಡಬ್ಬಿಗೇ ಪೂಜೆ ಮಾಡುತ್ತೇವೆ. ಈ ಸ್ನೇಹವನ್ನು ನಾನು ಜಮೆಗೇ ಬರೆಯುತ್ತೇನೆ. ಆದರೆ ಅದೇ ಬಾಗಿಲಿನಲ್ಲಿ ಜೀವಭಯವೂ ಇದೆ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾದ ಬಳಿ ಎದುರುಬದುರಾದ ಎರಡು ಲೋಕಲುಗಳ ಬಾಗಿಲಿನಲ್ಲಿ ಜೋತಾಡುತ್ತಿದ್ದವರು ಕೆಳಗುರುಳಿ, ನಾಲ್ವರು ಅಂದೇ ಪ್ರಾಣ ಬಿಟ್ಟರು. ಠಾಣೆ-ದಿವಾ ನಡುವೆ 2022ರಲ್ಲಿ ಐದನೆಯ ಆರನೆಯ ಹಳಿಗಳು ಬಂದರೂ ನೂಕುನುಗ್ಗಲು ತೀರಿಲ್ಲ. ಒಂದು ಗಾಡಿ ತಪ್ಪಿದರೆ ಹೋಗಲಿ. ಮುಂದಿನ ಗಾಡಿಗೆ ಕಾಯುವುದು ಹೇಡಿತನವಲ್ಲ.

ಊರೊಳಗಿನ ಅಪಾಯಗಳೂ ಇವೆ. ಇಲ್ಲಿಯ ಕೈಗಾರಿಕಾ ವಸಾಹತಿನಲ್ಲಿ 2016ರ ಮೇ ತಿಂಗಳಲ್ಲೂ 2024ರ ಮೇ ತಿಂಗಳಲ್ಲೂ ರಾಸಾಯನಿಕ ಕಾರ್ಖಾನೆಗಳು ಸ್ಫೋಟಗೊಂಡು ಅನೇಕರು ಸತ್ತರು. ಇನ್ನು ಕಾಗದಪತ್ರದ ಮಾತು. 2024ರ ನವೆಂಬರಿನಲ್ಲಿ ಬಾಂಬೆ ಹೈಕೋರ್ಟು ಈ ಪಾಲಿಕೆಯ ವ್ಯಾಪ್ತಿಯ 65 ಅಕ್ರಮ ಕಟ್ಟಡಗಳನ್ನು ಕೆಡಹುವಂತೆ ಆಜ್ಞೆ ಮಾಡಿತು. ಸುಳ್ಳು ಪರವಾನಗಿ ಪತ್ರಗಳನ್ನು ನಂಬಿ ದುಡ್ಡು ತೆತ್ತ ಸಂಸಾರಗಳು ಅವುಗಳಲ್ಲಿವೆ. ಆದ್ದರಿಂದ ಬ್ಯಾಂಕಿನವಳಾಗಿ ಒಂದು ವಿನಂತಿ: ಬೆಲೆ ಅಗ್ಗವೆಂದು ಮುಂಗಡ ಕೊಡಬೇಡಿ. ಪಾಲಿಕೆಯ ಪರವಾನಗಿಯನ್ನು ಪಾಲಿಕೆಯ ಕಚೇರಿಯಲ್ಲೇ ತಾಳೆ ನೋಡಿ, ವಕೀಲರಿಂದ ಹಕ್ಕುಪತ್ರ ಪರೀಕ್ಷೆ ಮಾಡಿಸಿದ ಮೇಲೆಯೇ ಸಹಿ ಹಾಕಿ.

ಎರಡು ಅಂಕಣಗಳನ್ನೂ ಕೂಡಿಸಿದರೆ ಶಿಲ್ಕು ಜಮೆಯ ಕಡೆಗೇ ಉಳಿಯುತ್ತದೆಂದು ನಾನು ನಂಬಿದ್ದೇನೆ. ಇಲ್ಲವಾದರೆ ಇಷ್ಟು ಜನ ಇಲ್ಲಿ ನಿಲ್ಲುತ್ತಿರಲಿಲ್ಲ. ಆದರೆ ಲೆಕ್ಕಶಾಸ್ತ್ರದಲ್ಲಿ 'ಸವಕಳಿ' ಎಂಬುದೊಂದಿದೆ. ಯಂತ್ರ ದಿನದಿನವೂ ಸವೆಯುತ್ತದೆ; ಅದಕ್ಕಾಗಿ ಯಾರೂ ಅಂದಂದೇ ಹಣ ಎಣಿಸಿ ಕೊಡುವುದಿಲ್ಲ; ವರ್ಷಕ್ಕಿಷ್ಟೆಂದು ತೆಗೆದಿಡದಿದ್ದರೆ ಒಂದು ದಿನ ಯಂತ್ರವೇ ನಿಲ್ಲುತ್ತದೆ. ನಮ್ಮ ಮನೆಗಳಲ್ಲಿ ಹಾಗೆ ಸವೆಯುತ್ತಿರುವುದು ಮಕ್ಕಳ ಕನ್ನಡ.

ಮಗು ಏಳುವ ಮುನ್ನ ನಾವು ಹೊರಡುತ್ತೇವೆ. ಅದು ತೂಕಡಿಸುವಾಗ ಮರಳುತ್ತೇವೆ. ನಡುವಿನ ಹೊತ್ತಿನಲ್ಲಿ ಶಾಲೆ ಇಂಗ್ಲಿಷನ್ನೂ ಅಂಗಳ ಮರಾಠಿಯನ್ನೂ ಟೀವಿ ಹಿಂದಿಯನ್ನೂ ಕಲಿಸುತ್ತವೆ. ಮೂರೂ ಬೇಕು, ಮೂರೂ ಆಸ್ತಿಯೇ. ಆದರೆ ರೈಲಿಗೆ ಕೊಟ್ಟ ಆ 4 ಗಂಟೆಗಳು ಮನೆಮಾತಿಗೆ ಸಲ್ಲಬೇಕಾಗಿದ್ದ ಗಂಟೆಗಳು. ನನ್ನ ಅತ್ತೆಯವರು ಕಳೆದ ವರ್ಷ ಊರಿನಿಂದ ಬಂದಾಗ, ಮೊಮ್ಮಗಳು ಹೇಳಿದ್ದನ್ನು ಅಜ್ಜಿಗೂ, ಅಜ್ಜಿ ಹೇಳಿದ್ದನ್ನು ಮೊಮ್ಮಗಳಿಗೂ ನಾನು ಅನುವಾದಿಸಿ ಹೇಳಬೇಕಾಯಿತು. ಒಂದೇ ಮನೆಯೊಳಗೆ ದುಭಾಷಿ! ಮೂರು ತಿಂಗಳು ಅವರು ಇಲ್ಲೇ ಉಳಿದರು. ಹೊರಡುವ ಹೊತ್ತಿಗೆ ನನ್ನ ಆ ಉದ್ಯೋಗ ಹೋಗಿತ್ತು. ಅಜ್ಜಿ ಮೊಮ್ಮಗಳು ನನ್ನ ಮೇಲಿನ ದೂರನ್ನೇ ಕನ್ನಡದಲ್ಲಿ ಮಾತಾಡಿಕೊಳ್ಳುತ್ತಿದ್ದರು!

ಆದುದರಿಂದ ಸವಕಳಿ ನಿಧಿಯೊಂದನ್ನು ತೆಗೆದಿಡೋಣವೆಂದು ನನ್ನ ಸೂಚನೆ. ಮೊದಲನೆಯದು, ಊರಿನ ಹಿರಿಯರನ್ನು ವರ್ಷಕ್ಕೊಮ್ಮೆಯಾದರೂ ಕರೆತಂದು ಉಳಿಸಿಕೊಳ್ಳುವುದು, ಮಂಚಕ್ಕೆ ಸ್ಥಳವಿದೆಯಷ್ಟೆ. ಎರಡನೆಯದು, 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆಯಿದೆ. ಆ ಎರಡು ಶನಿವಾರ ಎರಡೆರಡು ಗಂಟೆ ಮಕ್ಕಳಿಗೆ ಅಕ್ಷರ, ಕತೆ, ಹಾಡು ಕಲಿಸಲು ನಾನು ಸಿದ್ಧಳಿದ್ದೇನೆ. ಸಂಘವು ಒಂದು ಕೋಣೆ, ಒಂದು ಕರಿಹಲಗೆ ಕೊಟ್ಟರೆ ಸಾಕು. ವರ್ಷಕ್ಕೆ 48 ಗಂಟೆಯಾಗುತ್ತದೆ. ರೈಲಿಗೆ ತೆರುವ 1,000 ಗಂಟೆಯ ಮುಂದೆ ಇದು ನೂರಕ್ಕೆ ಐದೂ ಅಲ್ಲ. ಇಷ್ಟು ಸಣ್ಣ ಬಡ್ಡಿಯನ್ನು ಕನ್ನಡಕ್ಕೆ ಕೊಡಲಾರದಷ್ಟು ಬಡವರು ನಾವಲ್ಲ.

ರಾಜ್ಯೋತ್ಸವದ ದಿನ ಬಾವುಟ ಹಾರಿಸುವ ಕೈಗಳು ಈ ಮಾಸದ ಎರಡನೆಯ ಶನಿವಾರ ಮಕ್ಕಳ ಕೈ ಹಿಡಿದು ಇಲ್ಲಿಗೆ ಬರಲಿ ಎಂದು ಪ್ರಾರ್ಥಿಸುತ್ತೇನೆ.