ಹೊಸದಾಗಿ ಕೊಯ್ದ ಹಲಗೆಯ ಬಣ್ಣಗಳು



ಹಿತ್ತಲಿನ ಹಲಸು ಅಥವಾ ಬದುವಿನ ಸಾಗುವಾನಿ ಸಾಮಿಲ್ಲಿಗೆ ಹೋದ ದಿನ ಮನೆಯವರೂ ಜೊತೆಗೆ ಹೋಗಿ ನಿಂತು ನೋಡುವುದುಂಟು. ಇಪ್ಪತ್ತು ಮೂವತ್ತು ವರ್ಷ ಸಾಕಿದ ಮರದ ಒಳಭಾಗ ಮೊದಲ ಬಾರಿಗೆ ಕಣ್ಣಿಗೆ ಬೀಳುವುದು ಆಗಲೇ. ಹಲಗೆಯ ಮೇಲೆ ಹಸಿರು ಛಾಯೆಯೋ, ನೀಲಿ ಗೆರೆಯೋ, ಕಪ್ಪು ಮಚ್ಚೆಯೋ ಕಂಡರೆ ಕೊಳ್ಳುವವನು "ಮರ ಕೆಟ್ಟಿದೆ" ಎಂದು ಬೆಲೆ ಇಳಿಸುತ್ತಾನೆ. ಮಾರುವವನಿಗೆ ಉತ್ತರ ತೋಚುವುದಿಲ್ಲ. ಆ ಬಣ್ಣ ಎಲ್ಲಿಂದ ಬಂತೆಂದು ತಿಳಿದಿದ್ದರೆ, ಒಪ್ಪಬೇಕಾದ ಕಡೆ ಒಪ್ಪಬಹುದು, ಒಪ್ಪಬಾರದ ಕಡೆ ವಾದಿಸಬಹುದು.

ಹಲವು ಮರಗಳ ದಿಮ್ಮಿಯನ್ನು ಅಡ್ಡ ಕೊಯ್ದಾಗ ಹೊರಸುತ್ತಿನಲ್ಲಿ ಬಿಳಿಯ ಭಾಗವೂ ನಡುವೆ ಬಣ್ಣದ ಚೇಗೂ ಕಾಣುತ್ತವೆ. ಬಿಳಿಯ ಭಾಗ ನೀರು ಸಾಗಿಸುವ ಜೀವಂತ ಭಾಗ. ಅದರಲ್ಲಿ ಪಿಷ್ಟ, ಸಕ್ಕರೆ ತುಂಬಿರುತ್ತವೆ. ಮರ ಬಲಿತಂತೆ ಒಳಗಿನ ಜೀವಕೋಶಗಳು ಸಾಯುತ್ತವೆ. ಸಾಯುವ ಮುನ್ನ ಅವು ತಮ್ಮಲ್ಲಿದ್ದ ಆಹಾರವನ್ನು ಒಗರು, ಎಣ್ಣೆ, ಬಣ್ಣದ ವಸ್ತುಗಳನ್ನಾಗಿ ಮಾರ್ಪಡಿಸುತ್ತವೆ. ಗೆದ್ದಲನ್ನೂ ಬೂಷ್ಟನ್ನೂ ದೂರವಿಡುವ ವಸ್ತುಗಳು ಇವುಗಳಲ್ಲೇ ಇರುತ್ತವೆ. ಆದ್ದರಿಂದ ಚೇಗಿನ ಗಾಢ ಬಣ್ಣ ಬಹುಮಟ್ಟಿಗೆ ಮರದ ರಕ್ಷಾಕವಚ, ದೋಷವಲ್ಲ.

ಹಲಸನ್ನೇ ನೋಡಿ. ಹಸಿ ಹಲಸಿನ ಚೇಗು ಅರಿಶಿನದಂತೆ ಹಳದಿ. ಅದರಲ್ಲಿರುವ ಮೋರಿನ್ ಎಂಬ ವಸ್ತು ಇದಕ್ಕೆ ಮುಖ್ಯ ಕಾರಣ. ಸಾಮಿಲ್ಲಿನಲ್ಲಿ ಬಿದ್ದ ಹೊಟ್ಟನ್ನು ಕುದಿಸಿ, ಪಟಿಕ ಸೇರಿಸಿ ಬಟ್ಟೆ ಅದ್ದಿದರೆ ಹಳದಿ ಬಣ್ಣ ಹಿಡಿಯುತ್ತದೆ. ಬರ್ಮಾ, ಥಾಯ್ಲೆಂಡುಗಳಲ್ಲಿ ಬೌದ್ಧ ಭಿಕ್ಷುಗಳ ಕಾವಿಗೆ ಬಹುಕಾಲ ಈ ಬಣ್ಣವೇ ಬಳಕೆಯಲ್ಲಿತ್ತು. ಗಾಳಿ ಬೆಳಕಿಗೆ ಒಡ್ಡಿದ ಹಲಗೆ ವರ್ಷಗಳು ಕಳೆದಂತೆ ಜೇನುಕಂದಾಗಿ ಕೊನೆಗೆ ಕಡುಕಂದಾಗುತ್ತದೆ. ಹಳೆಯ ವೀಣೆಯ ಕಂದು ಕೊಡವನ್ನು ನೋಡಿದವರು ಅದು ಒಮ್ಮೆ ಹಳದಿಯಾಗಿತ್ತೆಂದು ನಂಬಲಾರರು. ಆದುದರಿಂದ ಹೊಸ ಬಾಗಿಲನ್ನು ಹಳೆಯ ಬಾಗಿಲಿಗೆ ಹೊಂದಿಸಲು ಬಡಗಿಗೆ ಹೇಳುವವರು, ಇಂದಿನ ಬಣ್ಣ ನೋಡಿ ಪಾಲಿಶ್ ಹಾಕಿಸಿದರೆ ಮುಂದೆ ಎರಡೂ ಬೇರೆಯಾಗಿಯೇ ಕಾಣುತ್ತವೆ.

ಸಾಗುವಾನಿಯಲ್ಲಿ ತಕರಾರು ಹೆಚ್ಚು. ಆಗತಾನೇ ಸೀಳಿದ ಸಾಗುವಾನಿ ಹಲಗೆ ಹಲವೊಮ್ಮೆ ಹಸಿರು ಮಿಶ್ರಿತ ಹಳದಿಯಾಗಿ, ಅಲ್ಲಲ್ಲಿ ಕಪ್ಪು ಪಟ್ಟೆಗಳಿಂದ ಕಲಸುಮೇಲೋಗರವಾಗಿ ಕಾಣುತ್ತದೆ. ಇದನ್ನೇ ತೋರಿಸಿ "ಎಳೆ ಮರ, ಬಣ್ಣ ಕೂಡಿಲ್ಲ" ಎನ್ನುವ ವ್ಯಾಪಾರಿಗಳಿದ್ದಾರೆ. ಅಂಥ ಹಲಗೆಯನ್ನು ಕೆಲವು ದಿನ ಬೆಳಕಿಗೆ ಒಡ್ಡಿದರೆ ಮಚ್ಚೆಗಳು ಬಹುಮಟ್ಟಿಗೆ ಮಾಯವಾಗಿ ಎಲ್ಲೆಡೆ ಹೊಂಬಣ್ಣ ಬರುತ್ತದೆ. ಒಂದು ತುಂಡನ್ನು ಅರ್ಧ ಮುಚ್ಚಿ ಬಿಸಿಲಿಗಿಟ್ಟು, ನಂತರ ಎರಡೂ ಭಾಗ ತೋರಿಸಿದರೆ ವಾದವೇ ಬೇಕಿಲ್ಲ. ಎಳೆ ಮರವೋ ಬಲಿತದ್ದೋ ಎಂಬುದನ್ನು ಚೇಗಿನ ಅಗಲ ನೋಡಿ ಹೇಳಬೇಕು, ಮೊದಲ ದಿನದ ಬಣ್ಣದಿಂದಲ್ಲ. ದಿಮ್ಮಿಯಲ್ಲಿ ಹೊರಗಿನ ಬಿಳಿ ಭಾಗವೇ ಹೆಚ್ಚಿದ್ದರೆ ವ್ಯಾಪಾರಿಯ ಮಾತಿನಲ್ಲಿ ಹುರುಳಿದೆ.

ಹೊನ್ನೆಯ ಸ್ವಭಾವ ಇನ್ನೂ ವಿಚಿತ್ರ. ಅದರ ಚೇಗಿನ ಹೊಟ್ಟನ್ನು ಗಾಜಿನ ಲೋಟದ ನೀರಿಗೆ ಹಾಕಿ ಬಿಸಿಲಿಗೆ ಹಿಡಿದರೆ, ಚಹಾ ಬಣ್ಣದ ನೀರಿನ ಅಂಚಿನಲ್ಲಿ ನೀಲಿ ಹೊಳಪು ಕಾಣುತ್ತದೆ. ಮಕ್ಕಳಿಗೆ ತೋರಿಸಲು ಒಳ್ಳೆಯ ಪ್ರಯೋಗ. ಮನೆ ಕಟ್ಟುವವರು ಗಮನಿಸಬೇಕಾದದ್ದು ಬೇರೆಯೇ ಇದೆ: ಹೊನ್ನೆ ಒದ್ದೆಯಾದರೆ ಹಳದಿ ಬಣ್ಣ ಬಿಡುತ್ತದೆ. ಹಸಿ ಹೊನ್ನೆಯ ಬಾಗಿಲವಾಡವನ್ನು ಸುಣ್ಣದ ಗೋಡೆಗೆ ಕೂರಿಸಿದರೆ ಮೊದಲ ಮಳೆಗಾಲದಲ್ಲೇ ಗೋಡೆಯ ಮೇಲೆ ಕಲೆ ಇಳಿದೀತು. ಚೆನ್ನಾಗಿ ಒಣಗಿಸಿಯೇ ಬಳಸಬೇಕು.

ಬೀಟೆಯ ನೇರಳೆ, ರಕ್ತಚಂದನದ ಕೆಂಪು ಎಲ್ಲರಿಗೂ ಗೊತ್ತು. ಸಪ್ಪಂಗದ ಚೇಗು ಕೊಯ್ದಾಗ ಕಿತ್ತಳೆ ಹಳದಿಯಾಗಿದ್ದು ಗಾಳಿ ತಾಗಿದಂತೆ ಕೆಂಪಾಗುತ್ತದೆ. ಮೈಸೂರಿನ ಕೆತ್ತುಕೂಡಿಕೆಯ ಕುಶಲಕರ್ಮಿಗಳು ಬೀಟೆಯ ಹಲಗೆಯಲ್ಲಿ ಹಲಸಿನ ಹಳದಿ, ಕರಿಮರದ ಕಪ್ಪು ಮುಂತಾದ ಮರದ ತುಂಡುಗಳನ್ನೇ ಕೂರಿಸಿ ಚಿತ್ರ ಬಿಡಿಸುತ್ತಾರೆ. ಸಾಮಿಲ್ಲಿನಲ್ಲಿ ಸೌದೆಗೆ ಹೋಗುವ ಬಣ್ಣದ ಚೂರು ಅಲ್ಲಿ ಬಣ್ಣದ ಡಬ್ಬಿಯ ಕೆಲಸ ಮಾಡುತ್ತದೆ. ಇಂಥ ಮರಗಳಿದ್ದವರು ಒಂದು ಮಾತು ನೆನಪಿಡಬೇಕು. ಸ್ವಂತ ಜಮೀನಿನಲ್ಲಿದ್ದರೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ, ವಿನಾಯಿತಿ ಇರುವ ಜಾತಿಗಳನ್ನು ಬಿಟ್ಟು ಉಳಿದವನ್ನು ಕಡಿಯಲು ಅನುಮತಿ ಬೇಕು. ಕೊಡಲಿ ಎತ್ತುವ ಮೊದಲೇ ಅರಣ್ಯಾಧಿಕಾರಿಗಳನ್ನು ವಿಚಾರಿಸಬೇಕು.

ಇನ್ನು ಮರದ್ದಲ್ಲದ ಬಣ್ಣ. ಮಾವು, ರಬ್ಬರ್ ಮರಗಳಲ್ಲಿ ಬಾಳುವ ಚೇಗಿನ ಬಣ್ಣವಿಲ್ಲ; ಪಿಷ್ಟ ಧಾರಾಳ. ಬೆಚ್ಚಗಿನ ತೇವದ ಹವೆಯಲ್ಲಿ ಕಡಿದು ಹಾಕಿದ ದಿಮ್ಮಿಗೆ ಕೆಲವೇ ದಿನಗಳಲ್ಲಿ ಬೂಷ್ಟು ತುದಿಗಳಿಂದಲೂ ತೊಗಟೆಯ ಗಾಯಗಳಿಂದಲೂ ನುಗ್ಗಿ, ನೀಲಿಬೂದು ಬಣ್ಣದ ಗೆರೆಗಳನ್ನೆಳೆಯುತ್ತದೆ. ಕೊಯ್ದ ಮುಖದಲ್ಲಿ ಹೊರಗಿನಿಂದ ನಡುವಿನತ್ತ ಬೆಣೆಯಾಕಾರದಲ್ಲಿ ಹಬ್ಬಿದ ನೀಲಿ ಕಂಡರೆ ಇದೇ ಎಂದು ತಿಳಿಯಬಹುದು. ಈ ಬೂಷ್ಟು ಮರದೊಳಗಿನ ಪಿಷ್ಟ ಸಕ್ಕರೆಗಳನ್ನು ತಿನ್ನುತ್ತದೆಯೇ ಹೊರತು ನಾರನ್ನು ಅಷ್ಟಾಗಿ ಮುಟ್ಟುವುದಿಲ್ಲ. ಹಲಗೆಯ ಬಲ ಹೆಚ್ಚು ಕುಂದದು. ಪೆಟ್ಟು ತಡೆಯುವ ಶಕ್ತಿ ಸ್ವಲ್ಪ ಕಡಿಮೆಯಾದೀತು. ಹಣ್ಣಿನ ಪೆಟ್ಟಿಗೆಗೆ ಅಡ್ಡಿಯಿಲ್ಲ, ಪೀಠೋಪಕರಣಕ್ಕೆ ಬೆಲೆ ಹೋಯಿತು. ನೀಲಿ ಬರಿಸಿದ ತೇವವೇ ಕೊಳೆಬೂಷ್ಟನ್ನೂ ಕರೆಯುತ್ತದೆ ಎಂಬುದೇ ಭಯ. ಮಾಸಲು ಬಿಳಿಯ ಮೇಲೆ ನೂಲಿನಂಥ ಕಪ್ಪು ಗೆರೆಗಳು ಕಂಡು, ಚಾಕುವಿನ ತುದಿ ಸುಲಭವಾಗಿ ಇಳಿದರೆ ಅಲ್ಲಿ ಕೊಳೆ ಹಿಡಿದಿದೆ. ಅಂಥ ಹಲಗೆಯನ್ನು ಭಾರ ಹೊರುವ ಜಾಗಕ್ಕೆ ಬಳಸಬಾರದು.

ಉಪಾಯ ಸರಳ. ಸಾಧ್ಯವಾದರೆ ಬೇಸಿಗೆಯ ಒಣಹವೆಯಲ್ಲಿ ಕಡಿಯಿರಿ, ಕಡಿದ ಬೆನ್ನಿಗೇ ಕೊಯ್ಯಿಸಿ, ಹಲಗೆಗಳ ನಡುವೆ ಅಡ್ಡಪಟ್ಟಿಗಳನ್ನಿಟ್ಟು ನೆಲದಿಂದ ಎತ್ತರದಲ್ಲಿ, ನೆರಳಿನಲ್ಲಿ, ಗಾಳಿಯಾಡುವಂತೆ ಅಟ್ಟಿ ಹಾಕಿ. ತೇವಾಂಶ ಶೇಕಡಾ 20ಕ್ಕಿಂತ ಕೆಳಗಿಳಿದರೆ ಬೂಷ್ಟು ಬೆಳೆಯದು. ತಡವಾಗುವಂತಿದ್ದರೆ ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಅದ್ದಿಸಬೇಕು. ಇದು ಮಳೆಯಲ್ಲಿ ತೊಳೆದುಹೋಗುವುದರಿಂದ ಒಳಾಂಗಣದ ಮರಕ್ಕೆ ಮಾತ್ರ ಸರಿ. ಹಿಂದೆ ಬಳಸುತ್ತಿದ್ದ ಪೆಂಟಾಕ್ಲೋರೊಫಿನಾಲ್ ವಿಷಕಾರಿ, ಭಾರತದಲ್ಲಿ ನಿಷಿದ್ಧ. ಯಾರಾದರೂ ಹಳೆಯ ಡಬ್ಬಿ ಕೊಟ್ಟರೆ ಮುಟ್ಟಬೇಡಿ.

ಬೂಷ್ಟೆಲ್ಲವೂ ನಷ್ಟವೇ ಎನ್ನಲಾಗದು. ಯೂರೋಪಿನ ಕಾಡುಗಳಲ್ಲಿ ಬಿದ್ದ ಓಕ್ ಮರಕ್ಕೆ ಕ್ಲೋರೊಸಿಬೋರಿಯಾ ಎಂಬ ಶಿಲೀಂಧ್ರ ತಗುಲಿದರೆ ಮರವೆಲ್ಲ ನವಿಲುಹಸಿರಾಗುತ್ತದೆ. 15ನೆಯ ಶತಮಾನದ ಇಟಲಿಯ ಕೆತ್ತುಕೂಡಿಕೆಯವರು ಎಲೆ, ಬೆಟ್ಟಗಳ ಚಿತ್ರಕ್ಕೆ ಈ ಮರವನ್ನು ಬಳಸಿದ್ದಾರೆ.

ಕೊನೆಯದು ಕಬ್ಬಿಣದ ಬಣ್ಣ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಶಾಯಿ ಮಾಡುತ್ತಿದ್ದುದನ್ನು ಹಿರಿಯರು ಬಲ್ಲರು. ಒಗರಿರುವ ಹಸಿ ಮರಕ್ಕೆ ಕಬ್ಬಿಣ ತಾಗಿದಾಗಲೂ ಆಗುವುದು ಅದೇ. ಮತ್ತಿ, ಜಾಲಿಗಳ ಹಸಿ ಹಲಗೆಯ ಮೇಲೆ ಗರಗಸ ಬಿಟ್ಟುಹೋದ ಕಪ್ಪು ಗುರುತು ಮೇಲ್ಮೈಯದು ಮಾತ್ರ, ಉಜ್ಜುಗೊರಡಿಗೆ ಹೋಗುತ್ತದೆ. ಆದರೆ ಹಲಗೆಯೊಳಗಿಂದಲೇ ನೀಲಿಗಪ್ಪು ಪಟ್ಟೆಯೊಂದು ನಾರಿನುದ್ದಕ್ಕೂ ಮೇಲೆ ಕೆಳಗೆ ಓಡಿದ್ದರೆ ಗರಗಸವನ್ನು ಆ ಕ್ಷಣವೇ ನಿಲ್ಲಿಸಬೇಕು. ಎಂದೋ ಬಡಿದ ಮೊಳೆಯನ್ನೋ ಮುಳ್ಳುತಂತಿಯನ್ನೋ ಮರ ನುಂಗಿ ಅದರ ಮೇಲೆ ಬೆಳೆದಿರುತ್ತದೆ. ಓಡುವ ಅಲಗು ಅದಕ್ಕೆ ಬಡಿದರೆ ಅಲಗು ತುಂಡಾಗಿ ನಿಂತವನ ಮೈಗೇ ಸಿಡಿಯಬಹುದು. ಬೇಲಿಯ ತಂತಿಯನ್ನು ಯಾವ ಮರಕ್ಕೆ, ಎಷ್ಟು ಎತ್ತರದಲ್ಲಿ ಹೊಡೆದಿತ್ತೆಂಬುದು ರೈತನಿಗೆ ಗೊತ್ತು, ಗರಗಸದವನಿಗೆ ಗೊತ್ತಿಲ್ಲ. ದಿಮ್ಮಿ ಇಳಿಸುವಾಗಲೇ ಆ ಜಾಗಕ್ಕೆ ಸುಣ್ಣದಿಂದ ಗುರುತು ಹಾಕಿ ಅವನಿಗೆ ತೋರಿಸಿ.