ಸಿಂಹಾಸನದಿಂದ ರಾಜಭವನಕ್ಕೆ: ಜಯಚಾಮರಾಜ ಒಡೆಯರ್



ರಾಜ್ಯಪಾಲರ ವಿಷಯ ಬಂದರೆ ಇಂದು ನಮ್ಮ ಮಾತು ಬಹುಬೇಗ ಬಿಕ್ಕಟ್ಟುಗಳ ಕಡೆ ಹೊರಳುತ್ತದೆ. ತಡೆಹಿಡಿದ ಮಸೂದೆ, ವಜಾಗೊಂಡ ಸರ್ಕಾರ, ಬಹುಮತದ ಲೆಕ್ಕಾಚಾರ. ಇಂಥ ಹೊತ್ತಿನಲ್ಲಿ ಜಯಚಾಮರಾಜ ಒಡೆಯರ್ ಅವರನ್ನು ನೆನೆಯಬೇಕು ಅನ್ನಿಸಿತು. ವಂಶಪಾರಂಪರ್ಯವಾಗಿ ಆಳುವ ಹಕ್ಕು ಪಡೆದಿದ್ದವರು, ಅದೇ ನಾಡಿನಲ್ಲಿ ಚುನಾಯಿತ ಮಂತ್ರಿಮಂಡಲದ ಸಲಹೆಗೆ ಕಟ್ಟುಬಿದ್ದು ಏಳೂವರೆ ವರ್ಷ ರಾಜ್ಯಪಾಲರಾಗಿದ್ದರು. ಅದು ಎಷ್ಟು ಕಷ್ಟದ ಕೆಲಸ ಎಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ.

ಅವರು ಹುಟ್ಟಿದ್ದು 1919ರ ಜುಲೈ 18ರಂದು, ಮೈಸೂರಿನಲ್ಲಿ. ಮಹಾರಾಜ ಕಾಲೇಜಿನಿಂದ 1938ರಲ್ಲಿ ಪದವಿ ಪಡೆದರು. 1940ರ ಮಾರ್ಚ್‌ನಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ತೀರಿಕೊಂಡರು, ಆಗಸ್ಟ್‌ನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್. ಸೆಪ್ಟೆಂಬರ್‌ನಲ್ಲಿ ಪಟ್ಟವೇರಿದಾಗ ಅವರಿಗೆ ಇಪ್ಪತ್ತೊಂದು ವರ್ಷ. ನಾಲ್ವಡಿಯವರಂಥ ದೊರೆಯ ನಂತರ ಆ ಗಾದಿಯ ಮೇಲೆ ಕೂರುವುದೇ ಒಂದು ಪರೀಕ್ಷೆಯಾಗಿತ್ತು.

ಅಭಿಮಾನದಿಂದ ಬರೆಯುವವರು 1947ನ್ನು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತಾರೆ. ದಾಟಬಾರದು. ಆಗಸ್ಟ್ 9ರಂದು ಅವರು ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು ನಿಜ. ಆದರೆ ಪ್ರಜೆಗಳು ಕೇಳುತ್ತಿದ್ದ ಜವಾಬ್ದಾರಿ ಸರ್ಕಾರ ಬರಲಿಲ್ಲ. ದಿವಾನ ಆರ್ಕಾಟ್ ರಾಮಸ್ವಾಮಿ ಮುದಲಿಯಾರ್ ಅವರ ಆಡಳಿತ ಚಳವಳಿಗಾರರನ್ನು ಜೈಲಿಗೆ ತುಂಬಿತು. ‘ಮೈಸೂರು ಚಲೋ’ ಚಳವಳಿ ಹೊತ್ತಿಕೊಂಡದ್ದು ಹಾಗೆ. ಇಂದು ಮೈಸೂರಿನಲ್ಲಿ ಸಿಟಿ ಬಸ್ಸುಗಳು ಸುತ್ತು ಹೊಡೆಯುವ ರಾಮಸ್ವಾಮಿ ವೃತ್ತಕ್ಕೆ ಆ ಹೆಸರು ಬಂದದ್ದು ಅಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿಯಿಂದ. ಆ ಸಾವಿನ ಹೊಣೆಯಿಂದ ಅರಮನೆಯನ್ನು ಪೂರ್ತಿ ಬಿಡಿಸಲಾಗದು. ಕೊನೆಗೆ ಅಕ್ಟೋಬರ್ 25ರಂದು ಚಳವಳಿಯ ನಾಯಕ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂತು. ಅಧಿಕಾರ ಬಿಟ್ಟುಕೊಡುವ ಪಾಠ ಮಹಾರಾಜರಿಗೆ ಜನರಿಂದಲೇ ಆಯಿತು. ಕಲಿತ ಮೇಲೆ ಅವರು ಅದನ್ನು ಮರೆಯಲಿಲ್ಲ ಎಂಬುದು ಅವರ ಮುಂದಿನ ನಡೆಯಲ್ಲಿ ಕಾಣುತ್ತದೆ.

1950ರ ಜನವರಿ 26ರಿಂದ ಅವರು ಮೈಸೂರಿನ ರಾಜಪ್ರಮುಖರು, ಅಂದರೆ ರಾಜ್ಯದ ಸಾಂವಿಧಾನಿಕ ಮುಖ್ಯಸ್ಥರು. 1956ರಲ್ಲಿ ಸಂವಿಧಾನದ ಏಳನೇ ತಿದ್ದುಪಡಿ ಆ ಹುದ್ದೆಯನ್ನೇ ರದ್ದುಮಾಡಿತು. ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಅವರು ವಿಶಾಲ ಮೈಸೂರು ರಾಜ್ಯದ ಮೊದಲ ರಾಜ್ಯಪಾಲರಾದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಏಕೀಕರಣ ಹಳೇ ಮೈಸೂರಿನ ಎಲ್ಲರಿಗೂ ಬೇಕಾಗಿರಲಿಲ್ಲ. ಹಿಂದುಳಿದ ಪ್ರದೇಶಗಳ ಹೊರೆ ತಮ್ಮ ಮೇಲೆ ಬೀಳುತ್ತದೆ, ರಾಜಕೀಯದ ಹಿಡಿತ ಕೈತಪ್ಪುತ್ತದೆ ಎಂಬ ಅಂಜಿಕೆ ಬಲವಾಗಿಯೇ ಇತ್ತು. ಒಡೆಯರ ಪೂರ್ವಿಕರ ಸಂಸ್ಥಾನ ಒಂಬತ್ತು ಜಿಲ್ಲೆಗಳದ್ದು. 1953ರಲ್ಲಿ ಬಳ್ಳಾರಿ ಸೇರಿತ್ತು. ಏಕೀಕರಣದಿಂದ ಹತ್ತೊಂಬತ್ತಾದವು. ಬೀದರಿನ ರೈತನಿಗೆ, ಬೆಳಗಾವಿಯ ವ್ಯಾಪಾರಿಗೆ, ಮಂಗಳೂರಿನ ಮೇಷ್ಟರಿಗೆ ಅವರು ಯಾವತ್ತೂ ‘ನಮ್ಮ ಮಹಾರಾಜರು’ ಆಗಿರಲಿಲ್ಲ. ಆ ಜನರ ಮುಂದೆ ಅವರ ಸ್ಥಾನಕ್ಕಿದ್ದ ಆಧಾರ ಸಂವಿಧಾನವೊಂದೇ. ಅದನ್ನು ಒಪ್ಪಿ ಅವರು ಪ್ರಮಾಣವಚನ ತೆಗೆದುಕೊಂಡದ್ದು ಕನ್ನಡದ ಒಗ್ಗಟ್ಟಿಗೆ ದೊಡ್ಡ ಬಲವಾಯಿತು ಎಂದು ನಾನು ನಂಬುತ್ತೇನೆ.

ರಾಜ್ಯಪಾಲರು ಶಾಸಕಾಂಗದಲ್ಲಿ ಓದುವ ಭಾಷಣ ಅವರದ್ದಲ್ಲ, ಸಂಪುಟದ್ದು. ಹೊಸದಾಗಿ ಕಟ್ಟಿದ ವಿಧಾನಸೌಧದಲ್ಲಿ, ಒಂದು ಕಾಲಕ್ಕೆ ಅರಮನೆಯ ಎದುರು ನಿಂತು ಹೋರಾಡಿದವರ ಪಕ್ಷ ಬರೆದುಕೊಟ್ಟದ್ದನ್ನು ಅವರು ಓದಬೇಕಿತ್ತು. 1962ರ ಚುನಾವಣೆಯಲ್ಲಿ ಕಾಂಗ್ರೆಸ್ ನಾಯಕ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಎಸ್. ಆರ್. ಕಂಠಿಯವರು ಕೆಲವು ತಿಂಗಳು ಮುಖ್ಯಮಂತ್ರಿಯಾಗಿ, ನಿಜಲಿಂಗಪ್ಪ ಉಪಚುನಾವಣೆಯಲ್ಲಿ ಗೆದ್ದು ಬಂದಾಗ ಕುರ್ಚಿ ಬಿಟ್ಟುಕೊಟ್ಟರು. ಆಯ್ಕೆ ಶಾಸಕರದ್ದು, ರಾಜಭವನದ ಪಾಲಿಗೆ ಬಂದದ್ದು ಪ್ರಮಾಣವಚನ ಬೋಧಿಸುವ ಕೆಲಸ.

ಅಧಿಕಾರದ ಆಚೆಗೂ ತುಂಬಿದ ಬದುಕು ಇದ್ದವರಿಗೆ ಅಧಿಕಾರದ ಹಸಿವು ಕಡಿಮೆ. ಒಡೆಯರ ಮಟ್ಟಿಗೆ ಆ ಬದುಕು ಸಂಗೀತ. ಲಂಡನ್ನಿನಲ್ಲಿ ಕಾಯಿಲೆ, ಬಡತನಗಳ ನಡುವೆ ಇದ್ದ ರಷ್ಯಾದ ಸಂಗೀತ ಸಂಯೋಜಕ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು, ಅವರದೇ ಪಿಯಾನೋ ವಾದನದಲ್ಲಿ, ಎಚ್‌ಎಂವಿಯಲ್ಲಿ ಧ್ವನಿಮುದ್ರಿಸಲು ಹಣ ಕೊಟ್ಟವರು ಇವರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕನ್ಸರ್ಟೋವನ್ನು ಮೈಸೂರಿನ ಮಹಾರಾಜರಿಗೇ ಅರ್ಪಿಸಿದರು. ಒಡೆಯರು ಕರ್ನಾಟಕ ಸಂಗೀತದಲ್ಲಿ ‘ಶ್ರೀವಿದ್ಯಾ’ ಅಂಕಿತದಲ್ಲಿ ರಚಿಸಿದ 94 ಕೃತಿಗಳಿವೆ. ಕೆಲವು ಇಂದಿಗೂ ಕಛೇರಿಗಳಲ್ಲಿ ಕೇಳಿಬರುತ್ತವೆ. ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯಲ್ಲಿ ಋಗ್ವೇದ ಕನ್ನಡಕ್ಕೆ ಬಂತು. 1952ರಲ್ಲಿ ರಚನೆಯಾದ ಭಾರತೀಯ ವನ್ಯಜೀವಿ ಮಂಡಳಿಗೂ ಅವರೇ ಮೊದಲ ಅಧ್ಯಕ್ಷರು.

1964ರ ಮೇ ತಿಂಗಳಲ್ಲಿ ಅವರು ಮದ್ರಾಸಿನ ರಾಜ್ಯಪಾಲರಾಗಿ ಹೋದರು. ಮರುವರ್ಷವೇ ಹಿಂದಿ ವಿರೋಧಿ ಚಳವಳಿ ಆ ರಾಜ್ಯವನ್ನು ಅಲುಗಾಡಿಸಿತು. ಗೋಲಿಬಾರಿನಲ್ಲಿ ಜನ ಸತ್ತರು. ಅಂಥ ಸಮಯದಲ್ಲಿ ರಾಜ್ಯಪಾಲರು ಏನು ಮಾಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ನನ್ನ ಉತ್ತರ ಇಷ್ಟು: ಜನರಿಗೆ ಲೆಕ್ಕ ಒಪ್ಪಿಸಬೇಕಾದದ್ದು ಮುಖ್ಯಮಂತ್ರಿ ಭಕ್ತವತ್ಸಲಂ ಅವರ ಸರ್ಕಾರ, ರಾಜಭವನವಲ್ಲ. 1967ರ ಚುನಾವಣೆಯಲ್ಲಿ ಜನ ಆ ಲೆಕ್ಕ ಚುಕ್ತಾ ಮಾಡಿದರು. ಅಷ್ಟರಲ್ಲಿ, 1966ರ ಜೂನ್‌ನಲ್ಲಿಯೇ, ಒಡೆಯರು ಆ ಹುದ್ದೆಯಿಂದ ನಿರ್ಗಮಿಸಿದ್ದರು. 1971ರ ಸಂವಿಧಾನ ತಿದ್ದುಪಡಿ ಮಾಜಿ ಅರಸರ ರಾಜಧನವನ್ನೂ ಬಿರುದನ್ನೂ ತೆಗೆದುಹಾಕಿತು. 1974ರ ಸೆಪ್ಟೆಂಬರ್ 23ರಂದು ಬೆಂಗಳೂರಿನ ಅರಮನೆಯಲ್ಲಿ ತೀರಿಕೊಂಡಾಗ ಅವರಿಗೆ 55 ವರ್ಷ.